ಲಿಫ್ಟ್ ಮುಟ್ಟಬಾರದವರು

ನನಗೆ ಸೀನು ಬಂದುಬಿಟ್ಟರೆ ಏನು ಗತಿ ಎಂಬುದೊಂದೇ ನನ್ನ ಚಿಂತೆ. ಅಮ್ಮನ ಮನೆಗೆಲಸ ಉಳಿಯುತ್ತದೋ ಹೋಗುತ್ತದೋ ಎಂಬ ಹೊತ್ತಿನಲ್ಲಿ ಪದವೀಧರೆ ಮಗಳಿಗೆ ತನ್ನ ಮೂಗಿನದೇ ಧ್ಯಾನ.

“ಏಯ್, ಲಿಫ್ಟ್ ಮುಟ್ಬೇಡಿ! ರೋಗದೋರಿಗೆ ಮೆಟ್ಲು,” ಅಮ್ಮ ಕೆಲಸ ಮಾಡುವ ಅಪಾರ್ಟ್‌ಮೆಂಟಿನ ವಾಚ್‌ಮನ್ ಗದರಿದ.

“ವಾಸಿಯಾಗಿದೆ ಕಣಪ್ಪ. ಆಸ್ಪತ್ರೆಯೋರೇ ಕಳ್ಸಿದ್ರು,” ಅಂದಳು ಅಮ್ಮ.

“ನನ್ ಹತ್ರ ಹೇಳಿ ಏನ್ ಬಂತು? ಮೇಲಿನೋರ ಆರ್ಡರು.”

ಹತ್ತಬೇಕಾದದ್ದು ನಾಲ್ಕನೇ ಮಹಡಿಗೆ, ಯಜಮಾನಿಯ ಮನೆಗೆ. ಎರಡನೆಯದರಲ್ಲೇ ಅಮ್ಮ ಕಂಬಿ ಹಿಡಿದು ಕುಸಿದು ಕೂತಳು.

“ಹಾಳಾದ್ ಮೆಟ್ಲು, ಯಾವ ಮುಂಡೇಮಗ ಕಟ್ಟಿಸಿದ್ನೋ! ಅಲ್ಲಿ ನೀನೇ ಮಾತಾಡೇ, ನಂಗೆ ಉಸಿರು ಸಾಲಲ್ಲ.”

ನಾನು ತಲೆಯಾಡಿಸಿದೆ.

“ತಲೆ ಅಲ್ಲಾಡಿಸಿದ್ರೆ ಆಯ್ತಾ? ಡಿಗ್ರಿ ತಗೊಳ್ಳೋವಾಗ ನಾಲಿಗೆ ಒತ್ತೆ ಇಟ್ಟು ಬಂದ್ಯಾ?”

ಇಟ್ಟೇ ಬಂದಿದ್ದೆ. ಸಂದರ್ಶನದಲ್ಲಿ ನನ್ನ ಹೆಸರು ಕೇಳಿದ್ದಕ್ಕೂ ‘ಗೊತ್ತಿಲ್ಲ ಸರ್’ ಅಂದವಳು ನಾನು. ಡೈರಿಯಲ್ಲಿ ಮಾತ್ರ ಹುಲಿ. ಅಲ್ಲಿ ಎಷ್ಟೋ ಯಜಮಾನಿಯರು ನನ್ನ ಒಂದೊಂದು ವಾಕ್ಯಕ್ಕೆ ಬೆವೆತು ನೀರಾಗಿದ್ದಾರೆ.

ನಿಜವಾದ ಯಜಮಾನಿ ಬಾಗಿಲ ಸರಪಳಿಯನ್ನೇ ತೆಗೆಯಲಿಲ್ಲ. ಸಂದಿಯಿಂದ ಸ್ಯಾನಿಟೈಸರ್ ಬಾಟಲಿಯ ಮೂತಿ ಹೊರಬಂದು ಅಮ್ಮನ ಮೇಲೆ, ಆಮೇಲೆ ನನ್ನ ಮುಖದ ಮೇಲೆ ಪಿಚಕ್ಕೆಂದಿತು. ನಾನು, ಪೆದ್ದಿ, “ಥ್ಯಾಂಕ್ಸ್ ಆಂಟಿ” ಅಂದೆ.

“ನೋಡ್ರೀ, ಹೆಂಗೆ ಏದುಸಿರು ಬಿಡ್ತಿದಾಳೆ!” ಯಜಮಾನಿ ಕೂಗಿದಳು. ಎದುರಿನ ಎರಡೂ ಬಾಗಿಲು ತೆರೆದವು. “ರೋಗ ಇನ್ನೂ ಹೋಗಿಲ್ಲ. ಕೊಳಕು ಜನ, ಎಲ್ಲಿ ಬಿದ್ದು ಅಂಟಿಸ್ಕೊಂಡ್ಲೋ! ಇವಳನ್ನ ಯಾರೂ ಒಳಗೆ ಸೇರಿಸ್ಬೇಡಿ, ಇಡೀ ಬಿಲ್ಡಿಂಗ್‌ಗೇ ಹೇಳ್ತೀನಿ.”

“ಮೆಟ್ಲು ಹತ್ತಿ... ಅಮ್ಮಾವ್ರೇ...” ಮಾತು ಮುಗಿಸಲು ಅಮ್ಮನಲ್ಲಿ ಉಸಿರಿರಲಿಲ್ಲ. ಏದುಸಿರು ಕಾಣಬಾರದೆಂದು ಬಾಯಿ ಮುಚ್ಚಿ ಬಿಗಿಹಿಡಿದಳು. ಕಣ್ಣಲ್ಲಿ ನೀರು ಬಂತು. ಕತ್ತಿನ ನರ ಉಬ್ಬಿತು. ಆರೋಗ್ಯವಂತಳಂತೆ ಕಾಣಲು ಸಾಯುತ್ತಿದ್ದಳು.

ಒಳಕೋಣೆಯಲ್ಲಿ ಯಜಮಾನಿಯ ಮಾವ ಕೆಮ್ಮಿದರು. ಅಮ್ಮ ಹಾಸಿಗೆ ಹಿಡಿಯುವ ಮೊದಲು ಆ ಮುದುಕರ ಹೊದಿಕೆ, ಉಗುಳುವ ಬಟ್ಟಲು ಎಲ್ಲ ತೊಳೆದವಳು ಅವಳೇ. ‘ಬರೀ ನೆಗಡಿ ಕಣೇ, ಯಾರಿಗೂ ಹೇಳ್ಬೇಡ’ ಎಂದು ಯಜಮಾನಿ ಹಳೆಯ ಶಾಲೊಂದನ್ನು ಕೊಟ್ಟಿದ್ದಳು. ಅದನ್ನು ಹೊದ್ದೇ ಅಮ್ಮ ಆಸ್ಪತ್ರೆ ಸೇರಿದ್ದು.

ಮಾವನ ಕೆಮ್ಮು ಕೇಳಿಸದಂತೆ ಯಜಮಾನಿ ಬಾಗಿಲು ಎಳೆದುಕೊಂಡಳು. ನಾನು ಸಂದಿಗೆ ಚಪ್ಪಲಿ ಕಾಲು ಇಟ್ಟೆ. ಬಾಗಿಲು ಒತ್ತಿದ ನೋವಿಗೋ ಏನೋ, ಬಾಯಿ ತೆರೆಯಿತು. ಎದುರು ಮನೆಯವರ ಕಡೆ ತಿರುಗಿದೆ. ಹುಲಿಯೇನೂ ಗರ್ಜಿಸಲಿಲ್ಲ, ಇಲಿಯದೇ ದನಿ.

“ರೋಗ ಈ ಮನೇದು. ಇವರ ಮಾವನ ಬಟ್ಟೆ ಒಗೆದು ಅಮ್ಮಂಗೆ ಬಂತು.”