ಪೋರ್ಟ್ ಲೂಯಿ ಪ್ರಸಾದವಾದದ್ದು

ಪೋರ್ಟ್ ಲೂಯಿಯನ್ನು ತಿಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನೆನೆಸಿಕೊಂಡರೆ ನಗುವೂ ಬರುತ್ತದೆ, ಅದು ಬೇರೆ ಮಾತು.

ನೈರೋಬಿಯ ನಮ್ಮ ಕನ್ನಡ ಬಳಗದ ಗಣೇಶನ ಹಬ್ಬಕ್ಕೆ ಮಕ್ಕಳ ಭಾಷಣ ಸ್ಪರ್ಧೆ ಇಟ್ಟಿದ್ದರು. ತಾನು ಕಂಡ ಒಂದು ಊರಿನ ಬಗ್ಗೆ, ಪೂರ್ತಿ ಕನ್ನಡದಲ್ಲಿ ಹೇಳಬೇಕು. ನನ್ನ ಮಗಳು ಅಮೂಲ್ಯಳಿಗೆ ಹತ್ತು ವರ್ಷ. ಕನ್ನಡದಲ್ಲಿ ಬೈದರೆ ಒಂದಕ್ಷರ ಬಿಡದೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೆಂಗಳೂರಿನಿಂದ ನನ್ನ ಅಮ್ಮ ಫೋನ್ ಮಾಡಿ ಊಟ ಆಯ್ತಾ ಎಂದರೂ ಯೆಸ್ ಅಜ್ಜಿ. ಹೆತ್ತು ಸಾಕಿದವಳು ನಾನು, ನನ್ನ ಮಾತಿನಲ್ಲಿ ಒಂದು ಸಲವಾದರೂ ನನ್ನೊಡನೆ ನೆಟ್ಟಗೆ ಮಾತಾಡಬಾರದೇ ಎಂದು ಹೊಟ್ಟೆ ಉರಿಯುತ್ತಿತ್ತು. ಕೇಳದೆ ಅವಳ ಹೆಸರು ಕೊಟ್ಟುಬಿಟ್ಟೆ.

ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಊರಿನ ಮಾದರಿ ಕಣ್ಣೆದುರು ಇರಬೇಕು, ಒಂದೊಂದನ್ನೇ ಮುಟ್ಟಿದರೆ ಮಾತು ನೆನಪಾಗುತ್ತದಂತೆ. ಊರು ಪೋರ್ಟ್ ಲೂಯಿ, ಮಾರಿಷಸ್ ದ್ವೀಪದ ರಾಜಧಾನಿ. ನನ್ನ ಗಂಡ ಚಕ್ರಪಾಣಿಯನ್ನು ಬ್ಯಾಂಕಿನವರು ಆಗಾಗ ಅಲ್ಲಿಗೆ ಕಳಿಸುತ್ತಾರೆ, ಏಪ್ರಿಲ್ ರಜೆಯಲ್ಲಿ ನಾವೂ ಜೊತೆಗೆ ಹೋಗಿದ್ದೆವು. ಸಕ್ಕರೆಯಿಂದ ಬೆಳೆದ ಬಂದರು, ಸಕ್ಕರೆಯಲ್ಲೇ ಕಟ್ಟೋಣ ಎಂದದ್ದು ಅಮೂಲ್ಯಳೇ. ಇಂಗ್ಲಿಷಿನಲ್ಲಿ ಎಂದಳು, ಇರಲಿ.

ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಅಡುಗೆಮನೆ ಬಂದರಾಯಿತು. ಊರ ಹಿಂದಿನ ಬೆಟ್ಟಕ್ಕೆ ಮೈಸೂರುಪಾಕು, ಗೋದಾಮುಗಳಿಗೆ ಕೊಬ್ಬರಿ ಮಿಠಾಯಿ, ಹಿಂದಿನ ಕಾಲದಲ್ಲಿ ಕೂಲಿಗಳು ಹಡಗಿನಿಂದ ಇಳಿದು ಹತ್ತಿ ಬಂದ ಮೆಟ್ಟಿಲಿಗೆ ಬಾದಾಮಿ ಬರ್ಫಿ, ಬ್ಯಾಂಕುಗಳ ಗೋಪುರಕ್ಕೆ ಕಡಲೆಕಾಯಿ ಚಿಕ್ಕಿ. ಸಮುದ್ರಕ್ಕೆ ನೀಲಿ ಬಣ್ಣದ ಚೈನಾಗ್ರಾಸ್, ಅದರ ಮೇಲೆ ಕರ್ಜಿಕಾಯಿ ಹಡಗುಗಳು. ನನ್ನ ಮೈಸೂರುಪಾಕು ಎಂದಿನಂತೆ ಬಂಡೆಯಾಯಿತು, ಮೊದಲ ಸಲ ಮನೆಯಲ್ಲಿ ಯಾರೂ ಆಡಿಕೊಳ್ಳಲಿಲ್ಲ.

ಹಬ್ಬದ ದಿನ ಹಾಲ್ ತಲುಪಿದೊಡನೆ ನಾನು ಅಮೂಲ್ಯಳಿಗೆ ಲಂಗ ಉಡಿಸಲು ಒಳಗೆ ಹೋದೆ. ಮಕ್ಕಳ ಕೈಗೆ ಸಿಗದ ಕಡೆ ಊರು ಕಟ್ಟಿದ ತಟ್ಟೆ ಇಡಿ ಎಂದು ಗಂಡನಿಗೆ ಹೇಳಿದ್ದೆ. ಆ ಹಾಲಿನಲ್ಲಿ ಮಕ್ಕಳು ಮುಟ್ಟದ ಜಾಗ ಗಣಪತಿಯ ಮುಂದೆ ಮಾತ್ರ. ಮಹಾನುಭಾವರು ಅಲ್ಲಿಟ್ಟು, ಕಾರು ಸರಿಯಾಗಿ ನಿಲ್ಲಿಸಲು ಹೊರಟುಹೋದರು.

ಬಳಗದ ಪೂಜೆ ಮಾಡುವವರು ಡಾಕ್ಟರ್ ವಾಮನ, ಇಲ್ಲೇ ಹರ್ಲಿಂಗ್‌ಹ್ಯಾಮ್‌ನಲ್ಲಿ ಕ್ಲಿನಿಕ್ ಇಟ್ಟಿರುವ ಹಿರಿಯರು. ದೇವರ ಮುಂದೆ ತಟ್ಟೆ ತುಂಬ ಸಿಹಿ ಕಂಡರೆ ಅವರಾದರೂ ಏನು ಮಾಡಿಯಾರು? ಸುತ್ತ ನೀರು ಬಿಟ್ಟು, ಬೆಟ್ಟದ ತುದಿಗೆ ಹೂವಿಟ್ಟು, ನೈವೇದ್ಯ ಮಾಡಿ ಮಂಗಳಾರತಿ ಎತ್ತಿದರು. ನೈವೇದ್ಯವಾದ ಮೇಲೆ ಅದು ನಮ್ಮ ಊರಲ್ಲ, ಪ್ರಸಾದ. ಅವರ ಹೆಂಡತಿ ಅಂಬುಜಾ ಮೇಡಂ ಚಾಕು ಹಿಡಿದು ಹಂಚಲು ನಿಂತರು.

ನಾವು ಬರುವಷ್ಟರಲ್ಲಿ ಗೋದಾಮುಗಳು ಖಾಲಿ. ಸಮುದ್ರವನ್ನು ಪೇಪರ್ ಕಪ್ಪಿಗೆ ತುಂಬುತ್ತಿದ್ದರು. ಯಾರು ಮಾಡಿದ್ದೋ, ಮೈಸೂರುಪಾಕು ಸ್ವಲ್ಪ ಗಟ್ಟಿ ಎನ್ನುತ್ತ ಅಂಬುಜಾ ಮೇಡಂ ನನಗೂ ಒಂದು ಚೂರು ಕೊಡಲು ಬಂದರು. ಮೈಯೆಲ್ಲ ಉರಿದುಹೋಯಿತು, ಕೈ ಒಡ್ಡಲಿಲ್ಲ. ಗಂಡನ ಕಡೆ ತಿರುಗಿದರೆ ಅವರ ಬಾಯಲ್ಲೂ ಚಿಕ್ಕಿ. ಪ್ರಸಾದ ಬೇಡ ಅನ್ನಬಾರದಲ್ಲ ಎಂದು ಗೊಣಗಿದರು.

ಅಷ್ಟರಲ್ಲಿ ಮೈಕಿನಲ್ಲಿ ಅಮೂಲ್ಯಳ ಹೆಸರು ಕರೆದರು. ಖಾಲಿ ತಟ್ಟೆ ಹಿಡಿದುಕೊಂಡೇ ವೇದಿಕೆ ಹತ್ತಿದಳು. ಸಾರಿ, ಐ ಕಾಂಟ್ ಎಂದಳು. ಸಾಕು ಬಿಡು ಮಗಳೇ, ಇಳಿದು ಬಾ ಎನ್ನಲು ಎದ್ದೆ.

ಮುಂದಿನ ಸಾಲಿನಲ್ಲಿ ಮಂಗಳೂರಿನ ಮೆಲ್ವಿನ್ ಇದ್ದರು. ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ನಮ್ಮ ಗಣೇಶನ ಹಬ್ಬ ಒಂದನ್ನೂ ತಪ್ಪಿಸಿಕೊಂಡವರಲ್ಲ. ಕೊನೆಯ ಕರ್ಜಿಕಾಯಿ ಅವರ ಬಾಯಿಯ ಹತ್ತಿರ ಹೋಗಿತ್ತು.

“ಮೆಲ್ವಿನ್ ಅಂಕಲ್, ಆ ಹಡಗು ತಿನ್ಬೇಡಿ,” ಎಂದಳು ನನ್ನ ಮಗಳು. “ಅದ್ರಲ್ಲಿ ಜನ ಇದಾರೆ.”

ಮೆಲ್ವಿನ್ ಕರ್ಜಿಕಾಯಿ ಕೆಳಗಿಳಿಸಿ, ಯಾವ ಜನ ಎಂದು ಕೇಳಿದರು. ಇಂಡಿಯಾದಿಂದ ಕಬ್ಬಿನ ಗದ್ದೆಗೆ ಕೂಲಿಗೆ ಹೊರಟವರು ಎಂದಳು. ಬರುವಾಗ ಹಡಗಿನ ತುಂಬ ಜನ, ಹೋಗುವಾಗ ಹಡಗಿನ ತುಂಬ ಸಕ್ಕರೆ. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಬೆಟ್ಟ ತಿಂದವರು ಯಾರು ಎಂದು ವಿಚಾರಣೆಗೇ ನಿಂತಳು. ಡಾಕ್ಟರ್ ವಾಮನ ಒಂದು ಕೈಯಲ್ಲಿ ದವಡೆ ಹಿಡಿದು ಇನ್ನೊಂದನ್ನು ಎತ್ತಿದರು.

“ನೀವು ಹಿಂದ್ಗಡೆ ಹೋಗಿ ನಿಂತ್ಕೊಳಿ ಡಾಕ್ಟರ್ ಅಂಕಲ್. ಗಾಳಿ ತಡೀಬೇಕು.”

ಅವರು ನಿಜಕ್ಕೂ ಹೋಗಿ ಕೈ ಅಗಲಿಸಿ ನಿಂತರು. ಗಾಳಿಗೆ ಬೆಟ್ಟ ಅಡ್ಡ ಇದ್ದದ್ದಕ್ಕೇ ಫ್ರೆಂಚರು ಅಲ್ಲಿ ಬಂದರು ಕಟ್ಟಿದ್ದು ಎಂದಳು. ಕೊಬ್ಬರಿ ಮಿಠಾಯಿ ತಿಂದವರೆಲ್ಲ ಗೋದಾಮಾಗಿ ಗೋಡೆಗೆ ಸಾಲಾದರು. ಆಫ್ರಿಕಾದಿಂದ ಗುಲಾಮರನ್ನು ತಂದದ್ದು, ಇಂಗ್ಲಿಷರು ಯುದ್ಧ ಮಾಡಿ ಊರು ಕಿತ್ತುಕೊಂಡದ್ದು, ಸಕ್ಕರೆಯೊಂದನ್ನೇ ನಂಬಿದರೆ ಆಗದೆಂದು ಬಟ್ಟೆ ಕಾರ್ಖಾನೆ, ಆಮೇಲೆ ಬ್ಯಾಂಕು ಬಂದದ್ದು, ಎಲ್ಲ ಒಂದರ ಹಿಂದೆ ಒಂದು. ಚಿಕ್ಕಿ ತಿಂದವರು ಕುರ್ಚಿ ಹತ್ತಿ ಗೋಪುರವಾದರು; ನನ್ನ ಗಂಡನೂ ಹತ್ತಿದರು, ಅದೂ ಅವರ ಬ್ಯಾಂಕೇ ಅಂತೆ. ನೀಲಿ ಕಪ್ಪಿನವರು ನೆಲಕ್ಕೆ ಕೂತು ಸೆರಗು ಬೀಸಿ ಅಲೆ ಎಬ್ಬಿಸಿದರು. ನಾನು ಚಿಕ್ಕಿ, ಸಮುದ್ರ ಎರಡೂ ತಿಂದಿದ್ದೇನೆ, ಎಲ್ಲಿ ಹೋಗಲಿ ಎಂದು ಅಂಬುಜಾ ಮೇಡಂ ಜಗಳಕ್ಕೇ ಬಂದರು. ಸಮಯ ಮುಗಿಯಿತೆಂದು ತೀರ್ಪುಗಾರರು ಗಂಟೆ ಬಾರಿಸಿದರೆ, ಅದು ಬಂದರಿನ ಗಂಟೆ, ಇನ್ನೊಂದು ಸಲ ಬಾರಿಸಿ ಎಂದಳು. ಅವರೂ ಬಾರಿಸಿದರು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

ಮಕ್ಕಳು ಮೆಟ್ಟಿಲಾಗಿ ಕೂತರು. ಮೆಲ್ವಿನ್ ಹಡಗು ಎತ್ತಿ ಹಿಡಿದು ಅಲೆಗಳ ನಡುವೆ ಮೆಲ್ಲಗೆ ಬಂದರು. ಆಗ ಅವಳು ನನ್ನ ಕಡೆ ನೋಡಿದಳು.

“ಅಮ್ಮ, ನೀನೇನ್ ತಿಂದೆ?”

ಏನೂ ಇಲ್ಲ ಎಂದು ತಲೆಯಾಡಿಸಿದೆ.

“ಹಾಗಾದ್ರೆ ನೀನು ಇನ್ನೂ ಹಡಗಲ್ಲೇ ಇದೀಯ.” ವೇದಿಕೆಯಿಂದ ಇಳಿದು ಬಂದು ಕೈ ಚಾಚಿದಳು. “ಇಳಿ ಬಾ. ಹೆದ್ರ್ಕೋಬೇಡ, ನಾನ್ ಹಿಡ್ಕೊಂಡಿದೀನಿ.”

ನನಗೆ ಎಷ್ಟು ತಡಕಾಡಿದರೂ ಕನ್ನಡದ ಒಂದು ಮಾತು ಸಿಗದೆ, ಓಕೆ ಎಂದೆ. ಸೀರೆಯ ನೆರಿಗೆ ಎತ್ತಿಕೊಂಡು, ಅವಳ ಕೈ ಹಿಡಿದು ಹಡಗಿನಿಂದ ಇಳಿದೆ.