ನೀಲಿ ಡ್ರಮ್ಮಿನ ರಾಗಿ

ರೇಣಕ್ಕ ನಮ್ಮ ಎರಡನೇ ಮಹಡಿಗೆ ಬಾಡಿಗೆಗೆ ಬಂದ ಮೇಲೆ ನನ್ನ ಅಜ್ಜಿ ಕತೆ ಹೇಳುವುದನ್ನು ಬಿಟ್ಟು ಕತೆ ಕೇಳುವವಳಾದಳು.

ಇಪ್ಪತ್ನಾಲ್ಕು ವರ್ಷ ಆ ಕತೆಗಳೆಲ್ಲ ನನ್ನೊಬ್ಬಳವೇ ಆಗಿದ್ದವು. ಕೆರೆ ಏರಿಯ ಮೇಲೆ ಕೂತು ಮಳೆಯನ್ನು ಬೈಯುವ ಮುದುಕಿ, ಗುಬ್ಬಿಗೆ ಸೀರೆ ನೇಯ್ದುಕೊಟ್ಟ ಜೇಡ, ಎಲ್ಲವೂ. ಈಗ ಮಂಡಿನೋವಿನ ಅಜ್ಜಿ ಮಧ್ಯಾಹ್ನವಾದರೆ ಸಾಕು, ಗೋಡೆ ಹಿಡಿದುಕೊಂಡು ತಾರಸಿ ಹತ್ತುತ್ತಿದ್ದಳು. ಅಲ್ಲಿ ಬಾಗಲಕೋಟೆ ಕಡೆಯ ರೇಣಕ್ಕ ಬಿಳಿ ಪಂಚೆಯ ಮೇಲೆ ಜೋಳದ ರೊಟ್ಟಿ ಒಣಗಿಸುತ್ತ ತನ್ನೂರಿನ ಸುದ್ದಿ ಹೇಳುತ್ತಿದ್ದಳು.

"ನೋಡೇ ಅರ್ಪಿತ, ಈ ಖಡಕ್ ರೊಟ್ಟಿ ಮೂರು ತಿಂಗ್ಳಾದ್ರೂ ಕೆಡಲ್ವಂತೆ!" ಎಂದಳು ಅಜ್ಜಿ ಒಂದು ದಿನ, ಚಂದ್ರನನ್ನೇ ಕೈಯಲ್ಲಿ ಹಿಡಿದವಳ ಹಾಗೆ.

"ಹಪ್ಪಳಾನೂ ಕೆಡಲ್ಲ ಬಿಡಜ್ಜಿ."

"ಹಪ್ಪಳ ತಿಂದ್ರೆ ಹೊಟ್ಟೆ ತುಂಬುತ್ತೇನೇ?"

ರೇಣಕ್ಕ ಮುಸಿಮುಸಿ ನಕ್ಕಳು. ಆ ನಗು ವಾರಗಟ್ಟಲೆ ನನ್ನ ಕಿವಿಯಲ್ಲೇ ಉಳಿಯಿತು.

ನಮ್ಮದು ಬಿಟಿಎಂ ಲೇಔಟಿನ ತಗ್ಗಿನ ಬೀದಿ. ಹೋದ ವರ್ಷದ ಮಳೆಗೆ ಮೊಣಕಾಲುದ್ದ ನೀರು ನಿಂತು ಎರಡು ದಿನ ಯಾರಿಗೂ ಹೊರಗೆ ಕಾಲಿಡಲಾಗಿರಲಿಲ್ಲ. ಆದ್ದರಿಂದ ಈ ಸಲ ಏಪ್ರಿಲ್‌ನಲ್ಲೇ ನಾನು ಸಿದ್ಧತೆಗೆ ಇಳಿದೆ. ಟಾರ್ಚು, ಪವರ್ ಬ್ಯಾಂಕು, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ, ಆರು ಕ್ಯಾನ್ ನೀರು, ಗ್ಯಾಸ್ ಇಲ್ಲದಿದ್ದರೆ ಬೇಕಾದೀತು ಎಂದು ಒಂದು ಕರೆಂಟ್ ಒಲೆ. ಎಲ್ಲಕ್ಕಿಂತ ಮುಖ್ಯವಾಗಿ ಮೂವತ್ತು ಕೇಜಿ ರಾಗಿ. ಈ ಲೇಔಟೆಲ್ಲ ಹೊಲವಾಗಿದ್ದ ಕಾಲದಲ್ಲಿ ನಮ್ಮವರು ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರಂತೆ. ಬರ ಬಂದಾಗ ಹಗೇವಿನ ಬಾಯಿ ತೆಗೆದು ಊರಿಗೆಲ್ಲ ಅಳೆದುಕೊಟ್ಟ ಸೊಸೆಯ ಕತೆಯನ್ನು ಅಜ್ಜಿ ನನಗೆ ನೂರು ಸಲ ಹೇಳಿದ್ದಾಳೆ. ಆ ಸೊಸೆ ನಾನೇ ಎಂದುಕೊಂಡು ನೀಲಿ ಡ್ರಮ್ಮಿಗೆ ರಾಗಿ ಸುರಿದು, ನಡುನಡುವೆ ಬೇವಿನ ಸೊಪ್ಪು ಇಟ್ಟು, ಮುಚ್ಚಳ ಬಿಗಿದೆ. ಮಳೆ ಬರಲಿ, ಅಜ್ಜಿ ನೋಡಲಿ, ರೇಣಕ್ಕನೂ ನೋಡಲಿ ಎಂದು ಕಾದೆ.

ಮಳೆ ಬಂತು. ಅಪ್ಪ ಅಮ್ಮ ಮಾಗಡಿಗೆ ಮದುವೆಗೆ ಹೋಗಿದ್ದ ದಿನವೇ ಬಂತು. ರಾತ್ರಿಯೆಲ್ಲ ಸುರಿದು, ಬೆಳಿಗ್ಗೆ ಬೀದಿ ಕೆರೆಯಾಗಿತ್ತು. ಕೆಳಗೆ ಬರೀ ಪಾರ್ಕಿಂಗು, ಮೊದಲ ಮಹಡಿಯ ನಮ್ಮ ಮನೆಗೆ ನೀರು ಬರಲಿಲ್ಲ. ಕರೆಂಟು ಹೋಯಿತು. ಎರಡೂ ಮನೆಯ ಸಿಲಿಂಡರುಗಳನ್ನು ಅಪ್ಪ ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟು ಪೈಪು ಎಳೆಸಿದ್ದರು. ಅವು ನೀರಿನಲ್ಲಿ ಮುಳುಗಿದ್ದವು. ಫೋನಿನಲ್ಲಿ ಅಪ್ಪ, "ಒಲೆ ಮುಟ್ಬೇಡಿ, ಮೇಲಿನವ್ರಿಗೂ ಹೇಳು," ಎಂದರು. ನಾನು ಹೇಳಿಬಂದೆ. ಬೆಳಿಗ್ಗೆ ಡಬ್ಬಿಯ ತಳದಲ್ಲಿದ್ದ ಅವಲಕ್ಕಿಯನ್ನು ಮೊಸರಿನಲ್ಲಿ ನೆನೆಸಿ ಅಜ್ಜಿಗೆ ಕೊಟ್ಟೆ. ಅಲ್ಲಿಗೆ ಅದು ಮುಗಿಯಿತು.

"ಮಧ್ಯಾಹ್ನಕ್ಕೇನೇ?"

"ಚಿಂತೆ ಯಾಕಜ್ಜಿ? ರಾಗಿ ಇದೆಯಲ್ಲ!" ಎಂದು ಡ್ರಮ್ಮಿನ ಮುಚ್ಚಳ ತೆಗೆದೆ. ಬೇವಿನ ವಾಸನೆ ಗಮ್ಮೆಂದಿತು.

ಅಜ್ಜಿ ಒಂದು ಹಿಡಿ ತೆಗೆದುಕೊಂಡು ಬೆರಳ ಸಂದಿಯಿಂದ ಜಾರಿಸಿದಳು. "ಚೆನ್ನಾಗಿದೆ ಕಣೇ. ಹಿಟ್ಟು ಎಲ್ಲಿ?"

ರಾಗಿ ಬೀಸಿಸಿರಲೇ ಇಲ್ಲ. ಮಿಲ್ಲಿಗೂ ಕರೆಂಟಿಲ್ಲ. ಕರೆಂಟಿದ್ದರೂ ಮಿಲ್ಲು ನೀರಿನಾಚೆ. ನಮ್ಮ ಬೀಸೋಕಲ್ಲು ಹೊಸ ಮನೆ ಕಟ್ಟುವಾಗಲೇ ಹಳೇ ಸಾಮಾನಿನವನ ಪಾಲಾಗಿತ್ತು. ಕರೆಂಟ್ ಒಲೆಯ ಕಡೆ ನೋಡಲೂ ನಾಚಿಕೆಯಾಯಿತು.

"ಅಯ್ಯೋ ನನ್ ಕಂದಾ," ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಪ್ಪು ನಂದೇ ಬಿಡು. ನಿಂಗೆ ಹಗೇವಿನ ಕತೆ ಹೇಳ್ದೆ, ಬೀಸೋಕಲ್ಲಿನ ಕತೆ ಹೇಳ್ಲೇ ಇಲ್ಲ." ನಗು ನಿಂತ ಮೇಲೆ, "ರೇಣವ್ವನ ಹತ್ರ ರೊಟ್ಟಿ ಇರುತ್ತೆ, ಅವಳು ನಮ್ಮನ್ನ ಬಿಡಲ್ಲ," ಎಂದು ಗೋಡೆಗೆ ತಿರುಗಿ ಮಲಗಿದಳು.

ಆ ಒಂದು ಮಾತು ನನ್ನೆದೆಗೆ ಮೆಣಸಿನಪುಡಿ ಎರಚಿತು. ತಿಂಗಳುಗಟ್ಟಲೆ ಒದ್ದಾಡಿದವಳು ನಾನು, ನಂಬಿಕೆ ಮಾತ್ರ ಅವಳ ಮೇಲೆ.

ಒಂದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ರೇಣಕ್ಕ ನಿಂತಿದ್ದಳು. ಕೈಯ ತಟ್ಟೆಯಲ್ಲಿ ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಬಟ್ಟಲು ಮೊಸರು. ಬೆಂಕಿ ಬೇಡ, ಕರೆಂಟು ಬೇಡ, ಮಿಲ್ಲು ಬೇಡ.

"ತಂಗಿ, ಆಯಿ ಉಂಡಾರೇನ? ಮೊಸರಿನಾಗ ನೆನಸಿದ್ರ ಮೆತ್ತಗಾಗ್ತಾವು, ಹಲ್ಲಿಲ್ಲದಿದ್ರೂ ನಡೀತೈತಿ."

ಒಳಗೆ ಅಜ್ಜಿಗೆ ಜೊಂಪು ಹತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಊಟ ಆಯ್ತು ರೇಣಕ್ಕ. ಅಜ್ಜಿ ಮಲಗಿದಾರೆ."

"ಏನ್ ಮಾಡಿದ್ರಿ, ಒಲಿ ಇಲ್ದ?"

"ಎಲ್ಲಾ ಮೊದ್ಲೇ ರೆಡಿ ಮಾಡಿಟ್ಟಿದ್ದೆ."

"ಭಾಳ ಶಾಣ್ಯಾಕಿ ಅದೀ ಬಿಡು," ಎಂದು ಮನಸಾರೆ ಹೊಗಳಿ ಅವಳು ಮೆಟ್ಟಿಲು ಹತ್ತಿದಳು. ಅವಳು ಚುಚ್ಚಿ ಮಾತಾಡಿದ್ದರೆ ಚೆನ್ನಾಗಿತ್ತು.

ನಾಲ್ಕು ಗಂಟೆಗೆ ಅಜ್ಜಿ ಎದ್ದಾಗ ಅವಳ ಕೈ ನಡುಗುತ್ತಿತ್ತು. ಹಣೆಯ ತುಂಬ ತಣ್ಣನೆಯ ಬೆವರು. ಸಕ್ಕರೆ ಇಳಿದಿದೆ ಎಂದು ಗೊತ್ತಾಗಿ, ಲೋಟದಲ್ಲಿ ಸಕ್ಕರೆ ಕದಡಿ ಕುಡಿಸಿದೆ. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಆದರೆ ಮೇಲೆ ಏನಾದರೂ ತಿನ್ನಿಸದಿದ್ದರೆ ಮತ್ತೆ ಇಳಿಯುತ್ತದೆ ಎಂದು ಡಾಕ್ಟರು ಸಾವಿರ ಸಲ ಹೇಳಿದ್ದರು.

"ರೇಣವ್ವ ಬರ್ಲೇ ಇಲ್ವೇನೇ?" ಅಜ್ಜಿ ಕೇಳಿದಳು.

"ಇಲ್ಲ."

ಅಜ್ಜಿ ಕಿಟಕಿಯಾಚೆಯ ಕಂದು ನೀರಿನಿಂದ ಮುಖ ತಿರುಗಿಸಿ ನನ್ನ ಕೈ ಹಿಡಿದಳು. "ನಾನೇ ಏನೇನೋ ಅಂದ್ಕೊಂಡಿದ್ದೆ. ಅವಳೂ ಅಷ್ಟೇ. ಬಾಡಿಗೆಯವ್ರು ಬಾಡಿಗೆಯವ್ರೇ. ನೀನೇ ಕಣೇ ನಂಗೆ."

ಒಂದು ವರ್ಷದಿಂದ ನಾನು ಕಾದಿದ್ದ ಮಾತು ಅದು. ಅಜ್ಜಿಯ ಬಾಯಿಂದ, ನನ್ನ ಕೈ ಹಿಡಿದುಕೊಂಡೇ ಬಂದಿತ್ತು. ಹಿಡಿದ ಆ ಬೆರಳುಗಳು ಮತ್ತೆ ತಣ್ಣಗಾಗುತ್ತಿದ್ದವು.

ಮೇಲಕ್ಕೆ ಓಡಿದೆ. ಬಾಗಿಲು ತೆಗೆದ ರೇಣಕ್ಕನಿಗೆ ಹೊಸ್ತಿಲಲ್ಲೇ ಹೇಳಿದೆ: "ರೊಟ್ಟಿ ಕೊಡಿ. ಅಜ್ಜಿ ಊಟ ಮಾಡಿಲ್ಲ. ಸುಳ್ಳು ಹೇಳ್ದೆ."

"ಸುಳ್ಳ್ಯಾಕವಾ?"

"ಅಜ್ಜಿ ಯಾವಾಗ್ಲೂ ನಿಮ್ಮನ್ನೇ..." ಎಂದೆ. ಅವಳಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ.

"ಒಲ್ಯಾಗ ಕಿಚ್ಚಿಲ್ಲ ಅಂತ ನಾವು ಅಳಾಕತ್ತೀವಿ. ಇಷ್ಟೆಲ್ಲಾ ಕಿಚ್ಚು ಹೊಟ್ಟ್ಯಾಗ ಇಟ್ಕೊಂಡು ಕುಂತಿದ್ದೀ ಅಂದ್ರ ನೀನು!" ಎಂದಳು. ಅವಳು ನಗಲಿಲ್ಲ. ತಟ್ಟೆ ಎತ್ತಿಕೊಂಡು ನನಗಿಂತ ಮುಂದೆಯೇ ಇಳಿದಳು.

ಅವಳನ್ನು ಕಂಡದ್ದೇ ಅಜ್ಜಿ ಮುಖ ತಿರುಗಿಸಿ ನನ್ನ ಕೈ ಹಿಡಿದುಕೊಂಡಳು. "ಈಗ ನೆನಪಾಯ್ತೇನವ್ವ ಮುದುಕಿದು?"

ರೇಣಕ್ಕ ರೊಟ್ಟಿಯನ್ನು ಲಟಲಟನೆ ಮುರಿದು ಮೊಸರಿಗೆ ಹಾಕುತ್ತ ಕೂತಳು. ಅವಳು ಹೇಳುವವಳಲ್ಲ ಎಂದು ನನಗೆ ತಿಳಿಯಿತು. ನಾನು ಸುಮ್ಮನಿದ್ದರೆ ಅಜ್ಜಿ ಪೂರ್ತಿ ನನ್ನವಳೇ. ಇನ್ನು ಮಧ್ಯಾಹ್ನ ತಾರಸಿಯಿಲ್ಲ, ಬಾಗಲಕೋಟೆಯಿಲ್ಲ. ಒಂದು ಉಸಿರಿನಷ್ಟು ಹೊತ್ತು ಆ ಆಸೆಯ ಜೊತೆ ಕೂತಿದ್ದೆ.

"ಅವ್ರು ಮಧ್ಯಾಹ್ನಾನೇ ತಂದಿದ್ರು ಅಜ್ಜಿ," ಎಂದೆ. "ನಾನೇ ಬಾಗಿಲಿಂದ ವಾಪಸ್ ಕಳಿಸ್ದೆ."

ಅಜ್ಜಿ ನನ್ನನ್ನು ಬೈಯಲಿಲ್ಲ. ನನ್ನ ಕೈ ಬಿಟ್ಟು ಮಂಚದಲ್ಲಿ ಒತ್ತರಿಸಿ ಕೂತು ರೇಣಕ್ಕನಿಗೆ ಜಾಗ ಮಾಡಿದಳು. "ಬಾರವ್ವ," ಎಂದಳು, "ನನ್ ಬಾಯಿ ಸುಡ, ಏನೇನೋ ಅಂದ್ಬಿಟ್ಟೆ." ರೇಣಕ್ಕ ಕೊಟ್ಟ ತುತ್ತುಗಳನ್ನು ಒಂದೊಂದಾಗಿ ನುಂಗಿದಳು. ಕೆನ್ನೆಗೆ ಬಣ್ಣ ಬಂತು. ನಾನು ಬಾಗಿಲ ಹತ್ತಿರ ಸರಿದು ಡ್ರಮ್ಮಿಗೆ ಒರಗಿ ಅದನ್ನೇ ನೋಡುತ್ತಿದ್ದೆ.

"ಅಲ್ಲೇನೇ ಕಂಬದ ಹಾಗೆ ನಿಂತಿದ್ಯ?" ಕೊನೆಗೆ ಅಜ್ಜಿ ಗದರಿದಳು, ಇನ್ನೂ ನನ್ನ ಕಡೆ ನೋಡದೆಯೇ. "ನೀನೂ ಬೆಳಿಗ್ಗೆಯಿಂದ ಉಪವಾಸ. ತಿನ್ನು."

ರೇಣಕ್ಕ ಒಂದು ರೊಟ್ಟಿಯ ಮೇಲೆ ಚಟ್ನಿಪುಡಿ ಉದುರಿಸಿ ಚಾಚಿದಳು. ಕಡಿದೆ. ಸುಟ್ಟ ಜೋಳದ ಘಮ, ಬೆಳ್ಳುಳ್ಳಿ, ಖಾರ. ಬಹಳ ರುಚಿಯಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು. ಇನ್ನೊಂದು ಕೊಡಿ ಎಂದು ಕೈ ಚಾಚಿದೆ.