ಎಡಗಡೆ ಕಂಬಿ ಇದೆ

ಬೇರೆಯವರ ವೆಬ್‌ಸೈಟ್ ನೋಡಿ ಕಲಿಯುವುದರಲ್ಲಿ ತಪ್ಪೇನಿಲ್ಲ, ಪುಟ್ಟಿಯೂ ಹಾಗೇ ಕಲಿತವಳು. ಆದರೆ ಅವಳದೊಂದು ನೇಮವಿತ್ತು. ಮನಸ್ಸಿಗೆ ಹಿಡಿಸಿದ ಪುಟವನ್ನು ಕಣ್ತುಂಬ ನೋಡಿ, ಮುಚ್ಚಿ, ಒಂದು ಲೋಟ ಚಹಾ ಕುಡಿದು ಬಂದು, ತಲೆಯಲ್ಲಿ ಉಳಿದಷ್ಟರಿಂದ ತನ್ನದನ್ನು ಕಟ್ಟುವುದು. ಆಫೀಸಿನ ಯಜಮಾನನಿಗೆ ಆ ಚಹಾದ ಹೊತ್ತನ್ನು ಕಂಡರೇ ಆಗದು. ಊರಿನ ಹಲ್ಲಿನ ಡಾಕ್ಟರೊಬ್ಬರ ವೆಬ್‌ಸೈಟ್ ಕಟ್ಟುವ ಕೆಲಸ ಬಂದಾಗ, ಎಲ್ಲೋ ದೂರದ ಊರಿನ ಇನ್ನೊಬ್ಬ ಡಾಕ್ಟರ ಪುಟ ತೋರಿಸಿ, ಇದನ್ನೇ ಎತ್ತಿಕೊಂಡು ಬಣ್ಣ ಬದಲಾಯಿಸು, ನಾಳೆಯೇ ಬೇಕು ಎಂದ. ಇದಕ್ಕೆ ಆ ಮಹಾನುಭಾವ ಇಟ್ಟ ಹೆಸರು ಸ್ಫೂರ್ತಿ. ಪುಟ್ಟಿ ಗೊಣಗಿದಳು, ಗೊಣಗುತ್ತಲೇ ಎತ್ತಿಕೊಂಡಳು.

ಬಣ್ಣ, ಅಕ್ಷರ, ಫೋಟೊ ಎಲ್ಲ ಬದಲಾದವು. ಕಣ್ಣಿಗೆ ಕಾಣುವುದೊಂದೂ ಹಳೆಯದಿರಲಿಲ್ಲ. ಆದರೆ ಕಾಣದವರಿಗಾಗಿ ಪ್ರತಿ ಫೋಟೊದ ಹಿಂದೆ ಒಂದು ವಿವರಣೆ ಅಡಗಿರುತ್ತದೆ, ಫೋನು ಅದನ್ನು ಓದಿ ಹೇಳುತ್ತದೆ. ಅದನ್ನು ಬದಲಾಯಿಸಲು ಮರೆತಳು, ಹಳೆಯದೇ ಉಳಿಯಿತು. ಬೇರೆ ಯಾರು ಮರೆತರೂ ಅವಳು ಮರೆಯಬಾರದಿತ್ತು. ಅವಳ ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಅವಳ ಪುಟಗಳನ್ನೆಲ್ಲ ಮೊದಲು ಕೇಳಿ ತಪ್ಪು ಹಿಡಿಯುತ್ತಿದ್ದವನು ಅವನೇ. ಈ ಸಲ ಕೇಳಿಸಲು ಪುರುಸೊತ್ತಾಗಲಿಲ್ಲ.

ಅಣ್ಣನಿಗೆ ಹಲ್ಲುನೋವು ಬಂತು. ತಂಗಿ ಮಾಡಿದ ಪುಟವೆಂದು ತೆರೆದ. ಬಾಗಿಲ ಮುಂದೆ ಎರಡು ಮೆಟ್ಟಿಲು, ಎಡಗಡೆ ಕಂಬಿ ಇದೆ ಎಂದಿತು ಫೋನು. ಬೀದಿಯಲ್ಲಿ ಒಬ್ಬನೇ ಓಡಾಡುವುದನ್ನು ಹಟ ತೊಟ್ಟು ಕಲಿತವನು, ಕೋಲು ಹಿಡಿದು ಹೊರಟೇಬಿಟ್ಟ. ಎರಡು ಮೆಟ್ಟಿಲು ಹತ್ತಿ, ಮುಗಿಯಿತೆಂದು ಕಾಲಿಟ್ಟ. ಮೂರನೆಯದೊಂದಿತ್ತು, ಎಡವಿದ. ಎಡಕ್ಕೆ ಕೈ ಚಾಚಿದರೆ ಸಿಕ್ಕಿದ್ದು ಬರೀ ಗಾಳಿ. ಕಾಲಿನ ಮೂಳೆ ಮುರಿಯಿತು.

ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅವನು, "ಬೇರೆಯವರದ್ದಾಗಿದ್ರೆ ನಂಬ್ತಿರಲಿಲ್ಲ ಪುಟ್ಟಿ. ನಿಂದು ಅಂತ ಧೈರ್ಯ ಮಾಡಿದೆ," ಎಂದ.

ಅವಳು ಬಿಕ್ಕುತ್ತ ಎಲ್ಲವನ್ನೂ ಹೇಳಿದಳು. ಅವನು ಬೈದಿದ್ದರೆ ಎಷ್ಟೋ ಮೇಲಿತ್ತು, ಬೈಯಲಿಲ್ಲ.

ಆ ಪುಟವನ್ನೇನೋ ಅಂದೇ ತಿದ್ದಿದಳು. ಅಷ್ಟರಲ್ಲಿ ಯಜಮಾನ ಅದೇ ಅಚ್ಚನ್ನು ಊರಿನ ಇನ್ನೂ ಯಾವ್ಯಾವೋ ಡಾಕ್ಟರುಗಳಿಗೆ ಮಾರಿಯಾಗಿತ್ತು. ಯಾರ್ಯಾರಿಗೆ ಎಂದು ಕೇಳಿದರೆ, ಮುಗಿದ ಕೆಲಸ ಕೆದಕಬೇಡ ಎಂದ. ಹುಡುಕಿ ಹುಡುಕಿ ಫೋನು ಮಾಡಿದ ಕಡೆಯಲ್ಲೆಲ್ಲ ಒಂದೇ ರಾಗ, ಚೆನ್ನಾಗೇ ಕಾಣುತ್ತಿದೆಯಲ್ಲ, ಇರಲಿ ಬಿಡಿ. ಅವಳು ಎಷ್ಟು ಗೋಗರೆದರೂ ಯಾರ ಕಿವಿಗೂ ಬೀಳಲಿಲ್ಲ.

ಪಟ್ಟಿ ಬಿಚ್ಚಿಸುವ ಸಮಯ ಬಂತು. ಮನೆಗೆ ಹತ್ತಿರದ ಮೂಳೆ ಡಾಕ್ಟರನ್ನು ಅಣ್ಣ ಫೋನಿನಲ್ಲಿ ಹುಡುಕುತ್ತಿದ್ದ. ಫೋನು ಅದೇ ದನಿಯಲ್ಲಿ ಓದಿತು: ಬಾಗಿಲ ಮುಂದೆ ಎರಡು ಮೆಟ್ಟಿಲು, ಎಡಗಡೆ ಕಂಬಿ ಇದೆ.

"ಇದು ನಿಜಾನಾ?" ಎಂದು ಕೇಳಿದ.

ಪುಟ್ಟಿ ಆ ಆಸ್ಪತ್ರೆಯನ್ನು ನೋಡಿಯೇ ಇರಲಿಲ್ಲ. "ಗೊತ್ತಿಲ್ಲ ಅಣ್ಣ," ಎಂದಳು.

ಅವನು ಫೋನನ್ನು ಬದಿಗಿಟ್ಟ. ಕೋಲು ಕೈಗೆಟಕುವಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ.

"ಹಾಗಾದ್ರೆ ನೀನೇ ಕರ್ಕೊಂಡು ಹೋಗು," ಎಂದ.